ಸಕ್ಕರೆಯ ರಂಗೋಲಿ

ಡಿಸೆಂಬರು ತಿಂಗಳ ಮೂರನೆಯ ವಾರ ಬಂದಿತೆಂದರೆ ಕುಂದಲಹಳ್ಳಿ ಗೇಟಿನ ಸುತ್ತಮುತ್ತಲ ಬೇಕರಿಗಳ ಗಾಜಿನ ಪೆಟ್ಟಿಗೆಗಳಿಗೆ ಒಂದು ಬಗೆಯ ಆವೇಶ ಬರುತ್ತದೆ. ವರ್ಷವಿಡೀ ಬನ್ನು, ಪಫ್ಫು, ಖಾರದ ಬಿಸ್ಕತ್ತುಗಳಿಗೆ ಆಶ್ರಯವಿತ್ತು ಸುಮ್ಮನಿದ್ದ ಹಲಗೆಗಳ ಮೇಲೆ ಕೆಂಪು, ಹಸಿರು, ನೀಲಿ ಬಣ್ಣದ ಕೇಕುಗಳು ಹಸೆಮಣೆ ಏರಿದ ಮದುಮಕ್ಕಳಂತೆ ಬಂದು ಕುಳಿತುಕೊಳ್ಳುತ್ತವೆ. ಒಂದರ ತಲೆಯ ಮೇಲೆ ಬಿಳಿಗಡ್ಡದ ಮುದುಕ. ಇನ್ನೊಂದರ ಮೇಲೆ ಪ್ಲಾಸ್ಟಿಕ್ಕಿನ ಮರ, ಮರದ ತುಂಬ ಬೆಳ್ಳಿಯ ಗುಂಡು. ಮೂರನೆಯದರ ಮೇಲೆ ಇವೆಲ್ಲವೂ ಇದ್ದು, ಸಾಲದೆಂಬಂತೆ ಅಂಚಿನ ಸುತ್ತಲೂ ಗುಲಾಬಿ ಬಣ್ಣದ ಕೆನೆಯ ಜರತಾರಿ. ಇಷ್ಟರ ನಡುವೆ ಕೇಕು ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಒಡವೆಯ ಭಾರಕ್ಕೆ ಬಾಗಿದ ಹೆಣ್ಣನ್ನು ಕಂಡು ಹಿರಿಯರು ‘ಲಕ್ಷಣವಾಗಿದ್ದಾಳೆ’ ಎನ್ನುವುದಿಲ್ಲ, ‘ಎಷ್ಟು ಸವರನು ಇರಬಹುದು?’ ಎನ್ನುತ್ತಾರೆ.

ಹೆಚ್ಚಾಗಿ ಅಲಂಕರಿಸುವುದು ಸುಲಭ. ಎಳೆ ಸೊಟ್ಟಗಾದರೆ ಅದರ ಮೇಲೊಂದು ಹೂವನ್ನು ಕೂರಿಸಬಹುದು. ಹೂವು ಕೆಟ್ಟರೆ ಎಲೆಯನ್ನು ಹೊದಿಸಬಹುದು. ಎಲೆಯೂ ಕೆಟ್ಟರೆ ಬಣ್ಣದ ಸಕ್ಕರೆಕಾಳನ್ನು ಎರಚಿ ಕೈತೊಳೆದುಕೊಳ್ಳಬಹುದು. ಬರಿಯ ಬಿಳುಪಿನ ಮೇಲೆ ನಾಲ್ಕೇ ಎಳೆಗಳನ್ನೆಳೆದು ನಿಲ್ಲಿಸಬೇಕೆನ್ನುವವರಿಗೆ ಈ ಅನುಕೂಲಗಳು ಯಾವುವೂ ಇಲ್ಲ. ಬೆಂಗಳೂರಿನಲ್ಲಿ 1970ರ ದಶಕದಿಂದ ಡಿಸೆಂಬರಿನಲ್ಲಿ ನಡೆದುಬಂದಿರುವ ಕೇಕ್ ಪ್ರದರ್ಶನವನ್ನು ನೋಡಿದವರಿಗೆ ಸಕ್ಕರೆಯಲ್ಲಿ ಕೋಟೆಗಳೇಳುವುದೂ ಅರಮನೆಗಳೇಳುವುದೂ ಗೊತ್ತು. ಆ ಕುಶಲಿಗಳ ತಾಳ್ಮೆಗೆ ಯಾರೂ ತಲೆದೂಗಬೇಕು. ಆದರೆ ಅದು ಶಿಲ್ಪ, ನೋಡುವವರ ಸೊತ್ತು. ಕೊಯ್ದು ಹಂಚಬೇಕಾದ ಮನೆಯ ಕೇಕಿಗೆ ಬೇಕಾದ ವಿದ್ಯೆ ಬೇರೆ.

ಆ ವಿದ್ಯೆಗೆ ಕನ್ನಡದ ಮನೆಗಳು ಹೊಸಬವಲ್ಲ. ಹಾಸನದ ಕಡೆಯ ಎಚ್. ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ತೆರೆದ ಬೇಕರಿಯಿಂದ ಮೊದಲಾಗಿ ಬೀದಿಬೀದಿಗೂ ಹಬ್ಬಿದ ಅಯ್ಯಂಗಾರ್ ಬೇಕರಿಗಳ ಹನಿ ಕೇಕನ್ನೇ ನೆನೆಯಬಹುದು. ಪಾಕ ಕುಡಿದ ಮೆತ್ತನೆಯ ಮೈ, ಮೇಲೆ ಕೆಂಪು ಜಾಮಿನ ತೆಳುವಾದ ಪದರ, ಅದರ ಮೇಲೆ ಉದುರಿಸಿದ ಒಣಕೊಬ್ಬರಿಯ ತುರಿ. ಅಷ್ಟೆ. ಅದರಿಂದ ಏನನ್ನು ತೆಗೆದರೂ ಕೊರತೆ, ಏನನ್ನು ಸೇರಿಸಿದರೂ ಹೊರೆ. ಇನ್ನು ಸಂಕ್ರಾಂತಿಯ ಸಕ್ಕರೆ ಅಚ್ಚು. ಪಾಕಕ್ಕೆ ಹಾಲು ಬಿಟ್ಟು ಕಿಲುಬನ್ನು ತೆಗೆದು, ಶೋಧಿಸಿ, ಒದ್ದೆಯ ಮರದಚ್ಚಿಗೆ ಹೊಯ್ದು ತೆಗೆದ ಬಿಳಿಯ ಆನೆ, ಬಿಳಿಯ ತುಳಸಿಕಟ್ಟೆ, ಬಿಳಿಯ ಬಾಳೆಗೊನೆ. ಬಣ್ಣವಿಲ್ಲದ ಬರಿಯ ಸಕ್ಕರೆಯೇ ಅಲಂಕಾರವಾಗಬಲ್ಲುದೆಂಬುದನ್ನು ಹಳೆಯ ಮೈಸೂರಿನ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ.

ಕುಂದಲಹಳ್ಳಿಗೆ ಕ್ರಿಸ್‌ಮಸ್ ಕೇಕು ಗಾಜಿನ ಕಚೇರಿಗಳ ಸಂಗಡ ನಿನ್ನೆಮೊನ್ನೆ ಬಂದಿಳಿದ ಅತಿಥಿಯೆಂದು ಬಗೆಯುವವರುಂಟು. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲು ಬಂದ ಮೇಲೆ ಊರಿಗೇ ಒಂದು ಪೂರ್ವಚರಿತ್ರೆಯಿತ್ತೆಂಬುದು ಮರೆತಂತಾಗಿದೆ. ಇಲ್ಲಿಂದ ಕೆಲವೇ ಮೈಲಿ ಆಚೆಗೆ, 1882ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ನೆಲವನ್ನು ಕೊಟ್ಟರು. ಸಂಘದ ಮುಖಂಡರಾದ ವೈಟ್ ಎಂಬವರ ಹೆಸರಿನಿಂದ ಆ ನೆಲ ವೈಟ್‌ಫೀಲ್ಡ್ ಆಯಿತು. ಬೇಸಾಯಮಾಡಿ ಬದುಕಲು ಬಂದ ಆ ಸಂಸಾರಗಳು ಇನ್ನರ್ ಸರ್ಕಲಿನ ಸುತ್ತ ಹೆಂಚಿನ ಮನೆಗಳನ್ನು ಕಟ್ಟಿಕೊಂಡುವು. ಇವರ ಕೇಕಿನ ಸಿದ್ಧತೆ ಡಿಸೆಂಬರಿನದಲ್ಲ. ದ್ರಾಕ್ಷಿ, ಕಿತ್ತಳೆಸಿಪ್ಪೆ, ಚೆರಿಗಳನ್ನು ಸಣ್ಣಗೆ ಹೆಚ್ಚಿ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ, ರಮ್ಮಿನಲ್ಲಿ ನೆನೆಹಾಕುತ್ತಾರೆ. ಮನೆಯಲ್ಲಿ ಒವನ್ ಇಲ್ಲದ ಕಾಲದಲ್ಲಿ ಹಿಟ್ಟನ್ನು ಕಲಸಿ ಬೇಕರಿಯ ಭಟ್ಟಿಗೆ ಹೊತ್ತುಕೊಂಡು ಹೋಗಿ ಬೇಯಿಸಿಕೊಂಡು ಬರುವ ವಾಡಿಕೆಯೂ ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಇತ್ತು.

ಹೀಗೆ ಬೆಂದ ಕೇಕು ಕರಿಯ ಮಣ್ಣಿನ ಬಣ್ಣದ್ದು. ಎಣ್ಣೆಯ, ಹಣ್ಣಿನ ಜಿಡ್ಡಿನದು. ಅದರ ಮೇಲೆ ನೇರವಾಗಿ ಬಿಳುಪನ್ನು ಬಳಿದರೆ ಎರಡು ದಿನಗಳಲ್ಲಿ ಕಂದು ಕಲೆಗಳು ಮೇಲೇಳುತ್ತವೆ. ಅದಕ್ಕಾಗಿ ಮೊದಲು ಜಾಮನ್ನು ತೆಳುವಾಗಿ ಸವರಿ ಮಾರ್ಜಿಪಾನಿನ ಹಾಸೊಂದನ್ನು ಹೊದಿಸುತ್ತಾರೆ. ಪರದೇಶದಲ್ಲಿ ಅದು ಬಾದಾಮಿಯದು. ನಮ್ಮಲ್ಲಿ ಬಹುಮಟ್ಟಿಗೆ ಗೋಡಂಬಿಯದು. ಗೋಡಂಬಿ, ಸಕ್ಕರೆ, ಒಂದಿಷ್ಟು ಪನ್ನೀರು—ಬಿನ್ನಾಣದ ಹೆಸರನ್ನು ಕಳಚಿದರೆ ಗೋಡಂಬಿ ಬರ್ಫಿಯ ದಾಯಾದಿಯೇ ಸರಿ. ಅದು ಒಂದೆರಡು ದಿನ ಆರಿದ ಮೇಲೆ ಮೊಟ್ಟೆಯ ಬಿಳಿಯಲ್ಲಿ ಕಡೆದ ಸಕ್ಕರೆಪುಡಿಯ ಲೇಪ. ಲೇಪ ಒಣಗಿತೆಂದರೆ ಸುಣ್ಣ ಬಳಿದ ಅಂಗಳದಂತೆ ಬೆಳ್ಳಗೆ, ಗಟ್ಟಿಯಾಗಿ ನಿಲ್ಲುತ್ತದೆ. ಇಷ್ಟೂ ಬಲದ ಕೆಲಸ. ಅಂಗಳದ ಮೇಲೆ ಎಳೆ ಬಿಡುವುದು ಮಾತ್ರ ಕೈಯ ಕೆಲಸ.

ಕುಂದಲಹಳ್ಳಿಯ ಒಂದು ಕಟ್ಟಡದ ಮೇಲ್ಮನೆಯಲ್ಲಿ ವೈಟ್‌ಫೀಲ್ಡಿನ ಮನೆಯನ್ನು ಮಾರಿ ಬಂದ ದಂಪತಿಗಳಿದ್ದರು. ಮಕ್ಕಳು ಆಸ್ಟ್ರೇಲಿಯದಲ್ಲಿ. ಕೆಳಮನೆಯಲ್ಲಿ ಕಂಪೆನಿಯ ಕೆಲಸದ ಮಗ, ಸೊಸೆ, ಇಬ್ಬರು ಮಕ್ಕಳು, ಎಂಬತ್ತರ ಹತ್ತಿರದ ಅಜ್ಜಿ. ಅಜ್ಜಿ ಈರುಳ್ಳಿಯನ್ನೇ ಮುಟ್ಟುವವರಲ್ಲ. ಮೊಟ್ಟೆಯ ಮಾತು ದೂರ. ಆದರೆ ಹನ್ನೊಂದು ವರ್ಷವೂ ಕ್ರಿಸ್‌ಮಸ್ಸಿಗೆ ಮೇಲಿನಿಂದ ತಟ್ಟೆ ಬಂದಿತ್ತು. ಮಕ್ಕಳಿಗೆ ಕೇಕು, ಅಜ್ಜಿಗೆಂದು ಬೇರೆಯ ಬಟ್ಟಲಿನಲ್ಲಿ, ಬೇರೆಯ ಎಣ್ಣೆಯಲ್ಲಿ ಕರಿದ, ಮೊಟ್ಟೆಯಿಲ್ಲದ ಕಲ್‌ಕಲ್. ಹನ್ನೊಂದು ವರ್ಷದಲ್ಲಿ ಒಮ್ಮೆಯಾದರೂ ಆ ಎಣ್ಣೆ ಬೇರೆಯದೇ ಎಂದು ಅಜ್ಜಿ ಕೇಳಲಿಲ್ಲ. ಆಕೆ ಹೇಳಲೂ ಇಲ್ಲ.

ಆ ವರ್ಷ ಮಳೆಗಾಲದಲ್ಲಿ ಮೇಲ್ಮನೆಯ ಯಜಮಾನರು ತೀರಿಕೊಂಡರು. ಆಕೆಗೆ ಅದಕ್ಕೂ ಹಿಂದಿನಿಂದಲೇ ಕೈನಡುಕ ಹತ್ತಿತ್ತು. ಹಣ್ಣುಗಳನ್ನು ನೆನೆಹಾಕಿ ಆಗಿದ್ದುದರಿಂದ ಕೇಕನ್ನೇನೋ ಬೇಯಿಸಿದರು, ಲೇಪವನ್ನೂ ಬಳಿದರು. ಹಿಂದಿನ ವರ್ಷಗಳಲ್ಲಿ ಅದರ ಮೇಲೆ ಬಿಳಿಯ ಎಳೆಗಳನ್ನು ಬಿಡುತ್ತಿದ್ದವರು ಯಜಮಾನರು. ಡಿಸೆಂಬರು ಇಪ್ಪತ್ತಮೂರರಂದು ಸೊಸೆ ವಿಚಾರಿಸಲು ಹೋದಾಗ ಆಕೆ, “ಈ ವರ್ಷ ಏನೂ ಬೇಡಮ್ಮ. ಬೋಳಾಗಿಯೇ ಇರಲಿ” ಎಂದರು. ಮುಂಬಾಲ್ಕನಿಯಲ್ಲಿ ಪ್ರತಿ ಡಿಸೆಂಬರೂ ತೂಗುತ್ತಿದ್ದ ಕಾಗದದ ನಕ್ಷತ್ರವೂ ಕಾಣಿಸಲಿಲ್ಲ.

ಸೊಸೆ ಕೆಳಗೆ ಬಂದು ಈ ಮಾತನ್ನು ಹೇಳಿದಳು. ಬೋಳು ಎಂಬ ಮಾತು ಕನ್ನಡದಲ್ಲಿ ಸುಮ್ಮನೆ ಬರುವ ಮಾತಲ್ಲ. ಒಂಬತ್ತು ವರ್ಷಗಳ ಹಿಂದೆ ಪತಿಯನ್ನು ಕಳೆದುಕೊಂಡ ಅಜ್ಜಿಗೆ ಅದು ಹೊಸದೂ ಅಲ್ಲ. ಬಾಗಿಲ ಮುಂದೆ ರಂಗೋಲಿಯಿಲ್ಲವೆಂದರೆ ಆ ಮನೆಯಲ್ಲಿ ಸೂತಕವೆಂದು ದಾರಿಹೋಕರೂ ಓದಿಕೊಳ್ಳುವ ನಾಡು ಇದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಬ್ಬದ ದಿನ ಅಂಗಳ ಬರಿದಾಗಿ ಇರಬಾರದು ಕಣೇ. ಹೋಗಿ ಆಕೆಯನ್ನು ಕೇಳಿ ತೆಗೆದುಕೊಂಡು ಬಾ” ಎಂದರು.

“ಅದರಲ್ಲಿ ಮೊಟ್ಟೆ ಇದೆ, ಅತ್ತೆ.”

“ಇರಲಿ. ನಾನೇನು ತಿನ್ನುತ್ತೇನೆಯೆ?”

ಕೇಕು ಅಡುಗೆಮನೆಯೊಳಕ್ಕೆ ಬರಲಿಲ್ಲ. ಹಜಾರದಲ್ಲಿ ಹಳೆಯ ಪತ್ರಿಕೆ ಹಾಸಿದ ಮೇಜಿನ ಮೇಲೆ ಕುಳಿತಿತು. ಧರ್ಮಸೂಕ್ಷ್ಮವೆಂಬುದು ಹೀಗೆ ಹತ್ತು ಅಡಿಗಳ ಅಂತರದಲ್ಲಿ ಇತ್ಯರ್ಥವಾಗುವುದೂ ಉಂಟು. ಎಳೆಗೆ ಬೇಕಾದ ಸಕ್ಕರೆಯನ್ನು ಸೊಸೆ ಮೊಟ್ಟೆಯಿಲ್ಲದೆ ಕಲಸಿದಳು. ನುಣ್ಣಗೆ ಜರಡಿಯಾಡಿದ ಸಕ್ಕರೆಪುಡಿಗೆ ನಿಂಬೆರಸ, ಚಮಚದ ತುದಿಯಿಂದ ಹನಿಹನಿಯಾಗಿ ಹಾಲು. ದೋಸೆಯ ಹಿಟ್ಟಿಗಿಂತ ಗಟ್ಟಿ, ಚಕ್ಕುಲಿಯ ಹಿಟ್ಟಿಗಿಂತ ತೆಳು. ಎಣ್ಣೆಕಾಗದವನ್ನು ಮದರಂಗಿಯ ಕೊಳವೆಯಂತೆ ಸುತ್ತಿ, ತುಂಬಿ, ತುದಿಯನ್ನು ಕೂದಲೆಳೆಯಷ್ಟು ಕತ್ತರಿಸಿದಳು. ಮೊದಲು ಒಂದು ತಟ್ಟೆಯ ಮೇಲೆ ಅಭ್ಯಾಸಮಾಡಿದಳು. ಎಳೆ ನಡುಗಿತು, ಮುರಿಯಿತು, ಒಂದೆಡೆ ಹುಳುವಿನಂತೆ ಮುದುಡಿತು.

“ಒತ್ತಬೇಡವೇ,” ಎಂದರು ಅಜ್ಜಿ ಕುಳಿತಲ್ಲಿಂದಲೇ. “ಎತ್ತಿ ಹಿಡಿ. ಎಳೆ ತಾನಾಗಿ ಬೀಳಬೇಕು.”

ಕೇಕಿನ ಕಸಬಿನವರು ಶಿಷ್ಯರಿಗೆ ಹೇಳಿಕೊಡುವುದೂ ಇದನ್ನೇ. ತುದಿ ಆರಂಭದಲ್ಲಿ ಒಮ್ಮೆ ತಾಗಬೇಕು. ಆಮೇಲೆ ಬೆರಳೆರಡು ಎತ್ತರಕ್ಕೆ ಏರಬೇಕು. ಗಾಳಿಯಲ್ಲಿ ತೂಗುವ ಸಕ್ಕರೆಯ ದಾರವನ್ನು ಬೇಕಾದ ಕಡೆಗೆ ಒಯ್ದು ಮಲಗಿಸಬೇಕು. ಮುಗಿಯುವಲ್ಲಿ ಮಾತ್ರ ಮತ್ತೆ ಇಳಿಯಬೇಕು. ಕೈ ನೆಲಕ್ಕೆ ತಾಗಿದರೆ ನೆಲದ ಉಬ್ಬುತಗ್ಗುಗಳೆಲ್ಲ ಎಳೆಗೆ ಬರುತ್ತವೆ. ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಪುಡಿಯನ್ನು ಜಾರಿಸುತ್ತ ಎಪ್ಪತ್ತು ವರ್ಷ ಬೆಳಗಿನ ಅಂಗಳವನ್ನು ಮುಟ್ಟದೆ ಬರೆದ ಕೈಗೆ ಇದರಲ್ಲಿ ಕಲಿಯಬೇಕಾದದ್ದು ಹಿಂಡುವುದೊಂದೇ. ತಟ್ಟೆಯ ಮೇಲೆ ಎರಡು ಎಳೆ ದಪ್ಪನಾದುವು. ಮೂರನೆಯದು ಸರಿಯಾಯಿತು. ಅಜ್ಜಿ ಕುರ್ಚಿಯನ್ನು ಮೇಜಿನ ಬಳಿಗೆ ಎಳೆಸಿಕೊಂಡರು.

ಹಬ್ಬಗಳಲ್ಲಿ ಅವರ ಬಾಗಿಲಿಗೆ ಬೀಳುತ್ತಿದ್ದುದು ತಾವರೆ. ಆ ದಿನ ತಾವರೆಯನ್ನು ಬರೆಯಲಿಲ್ಲ. ಬಿಳಿಯ ಅಂಗಳದ ನಡುವೆ ಸುತ್ತಲೂ ಚುಕ್ಕಿಗಳನ್ನಿಟ್ಟು, ಚುಕ್ಕಿಯಿಂದ ಚುಕ್ಕಿಗೆ ಎಳೆಗಳನ್ನು ಬೀಳಿಸಿ, ಎಂಟು ಮೂಲೆಯ ನಕ್ಷತ್ರವೊಂದನ್ನು ಮೂಡಿಸಿದರು. ಬಿಳಿಯ ಮೇಲೆ ಬಿಳಿ. ಬೆಳಕು ಓರೆಯಾಗಿ ಬಿದ್ದರಷ್ಟೇ ಕಾಣುವಂಥದು. ಅಂಚಿಗೆ ಒಂದು ಸುತ್ತು ಚುಕ್ಕಿ. ಸೊಸೆ ಚೆರಿಹಣ್ಣಿನ ಡಬ್ಬಿಯನ್ನು ತೆರೆದು ಮುಂದೆ ಹಿಡಿದಳು. ಅಜ್ಜಿ ನೋಡಿ, “ಸಾಕು” ಎಂದರು.

ಇಪ್ಪತ್ತನಾಲ್ಕರ ಸಂಜೆ ಕೇಕು ಮೇಲೆ ಹೋಯಿತು. ಆಕೆ ಅದನ್ನು ಕಿಟಕಿಯ ಬಳಿಗೆ ಒಯ್ದು, ತಿರುಗಿಸಿ ತಿರುಗಿಸಿ ನೋಡಿದರೆಂದೂ, ಮಾತನಾಡಲಿಲ್ಲವೆಂದೂ, ಸ್ವಲ್ಪ ಹೊತ್ತಿನ ಮೇಲೆ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯನ್ನು ಇಳಿಸಿಕೊಡಲು ದೊಡ್ಡ ಹುಡುಗನನ್ನು ಕೇಳಿದರೆಂದೂ ಸೊಸೆ ಬಂದು ಹೇಳಿದಳು. ಕತ್ತಲಾಗುವ ಹೊತ್ತಿಗೆ ಮೇಲಿನ ಬಾಲ್ಕನಿಯಲ್ಲಿ ಕಾಗದದ ನಕ್ಷತ್ರ ಹತ್ತಿಕೊಂಡಿತ್ತು.

ಮರುದಿನ ಚರ್ಚಿನಿಂದ ಬಂದ ಮೇಲೆ ಮಧ್ಯಾಹ್ನ ತಟ್ಟೆ ಬಂದಿತು. ಎರಡು ತುಂಡು ಕೇಕು, ಒಂದೊಂದರ ಮೇಲೆ ನಕ್ಷತ್ರದ ಒಂದೊಂದು ಮೂಲೆ. ಪಕ್ಕದ ಬಟ್ಟಲಿನಲ್ಲಿ ಕಲ್‌ಕಲ್. ನಡುಗುವ ಕೈಯಲ್ಲಿ ಸುತ್ತಿದ್ದರಿಂದ ಒಂದರಂತೆ ಒಂದಿರಲಿಲ್ಲ. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಅಜ್ಜಿ ಅದನ್ನು ತೊಳೆಸಿ, ಒರೆಸಿ, ಸಂಕ್ರಾಂತಿಯ ಎಳ್ಳಿಗೂ ಸಕ್ಕರೆ ಅಚ್ಚಿಗೂ ಆಗಲೆಂದು ಬೀರುವಿನಲ್ಲಿ ಎತ್ತಿಡಿಸಿ, ಮರದಚ್ಚುಗಳು ಎಲ್ಲಿವೆಯೆಂದು ಸೊಸೆಯನ್ನು ಕೇಳಿದರು.