ಬಣ್ಣ ಇಳಿಸುವ ವಿದ್ಯೆ

ಕೊಳ್ಳೇಗಾಲದಲ್ಲಿ ಕಾಲೇಜು ಓದುತ್ತಿರುವ ನನ್ನ ತಮ್ಮನ ಮೊಮ್ಮಗಳು, ಗೆಳತಿಯರ ಒತ್ತಾಯಕ್ಕೆ ಮಣಿದು ತಲೆಗೆ ಕೆಂಗಂದು ಬಣ್ಣ ಹಚ್ಚಿಸಿಕೊಂಡು, ಕೆಲವೇ ತಿಂಗಳುಗಳಲ್ಲಿ ಅದು ಬುಡದಲ್ಲಿ ಕಪ್ಪಾಗಿಯೂ ತುದಿಯಲ್ಲಿ ತಾಮ್ರವಾಗಿಯೂ ಎರಡು ಬಗೆಯಾದುದನ್ನು ಕಂಡು ಬೇಸತ್ತು, ತೆಗೆಸಿಕೊಳ್ಳಲು ಹೋದರೆ ಸಲೂನಿನವರು ಕೇಳಿದ ಹಣ ಅವಳ ತಂದೆಯ ಅರ್ಧ ತಿಂಗಳ ಸಂಪಾದನೆಗೆ ಸಮನಾಗಿದ್ದುದರಿಂದ, "ತಾತ, ಮನೇಲೇ ಕಮ್ಮಿ ಖರ್ಚಲ್ಲಿ ಇದನ್ನ ತಗ್ಯಕ್ಕೆ ಏನಾರ ದಾರಿ ಅದಾ?" ಎಂದು ನನ್ನನ್ನು ಕೇಳಿದಳು. ಆ ಪ್ರಶ್ನೆಗೆ ಉತ್ತರ ಹೇಳಬಲ್ಲವರೊಬ್ಬರು ನಮ್ಮ ಊರಾದ ಕಾಮಗೆರೆಯಲ್ಲಿದ್ದರು. ಅವರು ಗತಿಸಿ ಬಹುಕಾಲವಾಯಿತು. ಅವರ ವಿದ್ಯೆಯನ್ನು ಯಾವ ದಫ್ತರವೂ ಬರೆದಿಟ್ಟಿಲ್ಲವಾದುದರಿಂದ ನನ್ನ ನೆನಪನ್ನೇ ನಂಬಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದಾಗ ನಮ್ಮ ಸೀಮೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ಚಾಮರಾಜನಗರ ಜಿಲ್ಲೆಯ ಭಾಗವಾಯಿತು. ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯ ಅಂಚಿನಲ್ಲಿ, ಹೊಂಗೆಯ ನೆರಳಿನಲ್ಲಿ, ಊರಿಗೆ ಊರೇ 'ದೊಡ್ಡಯ್ಯ' ಎಂದು ಕರೆಯುತ್ತಿದ್ದ ಕ್ಷೌರಿಕರು ಮಣೆ ಹಾಕಿ ಕುಳಿತಿರುತ್ತಿದ್ದರು. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಿಗೆ ಕಾಲ್ನಡಿಗೆಯಲ್ಲಿ ಹೊರಟ ಪರಸೆಯವರು ಅಲ್ಲಿ ತಂಗಿ ನೀರು ಕುಡಿದು ಮುಂದೆ ಹೋಗುವರು. ಬೆಟ್ಟದಲ್ಲಿ ಮುಡಿ ಕೊಡುವ ಹರಕೆ ಹೊತ್ತವರ ತಲೆಯನ್ನು ದೊಡ್ಡಯ್ಯ ಎಷ್ಟು ಕೇಳಿಕೊಂಡರೂ ಮುಟ್ಟುತ್ತಿರಲಿಲ್ಲ. "ಅದು ಮಾದಪ್ಪಂದು" ಎಂದು ಬೆಟ್ಟದ ಮಹದೇಶ್ವರನ ಹೆಸರು ಹೇಳಿಬಿಡುವರು.

ಅವರ ಹಡಪದಲ್ಲಿದ್ದುದು ಎರಡು ಕತ್ತಿ, ಒಂದು ಕತ್ತರಿ, ಸಾಣೆಕಲ್ಲು, ತೊಗಲ ಪಟ್ಟಿ, ಸ್ಫಟಿಕದ ಗಟ್ಟಿ, ಹಿತ್ತಾಳೆಯ ಬಟ್ಟಲು, ಅಷ್ಟೆ. ಆದರೆ ಅವರ ಮನೆಯ ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಹರಳೆಣ್ಣೆ ಬೆಚ್ಚಗಾಗುತ್ತಿರುವಾಗ, ಸೋಲಿಗರು ಕಾಡಿನಿಂದ ತಂದ ಸೀಗೆಯನ್ನೂ ಅಂಟುವಾಳವನ್ನೂ ಅವರ ಮಡದಿ ಒರಳಿನಲ್ಲಿ ಕುಟ್ಟುತ್ತಿರುವಾಗ, ಎಣ್ಣೆಯ ಭಾರವಾದ ಕಂಪಿನೊಳಗೆ ಮೂಗನ್ನು ಸುರುಸುರುಗುಟ್ಟಿಸುವ ಸೀಗೆಯ ಹುಳಿಘಾಟೂ ನೆನೆದ ಮೆಂತ್ಯದ ಕಹಿಯೂ ಬೆರೆತು ಬೀದಿಯ ತಿರುವಿನವರೆಗೆ ಹರಡುತ್ತಿದ್ದ ಆ ವಾಸನೆಯನ್ನು ನಾನು ಇಂದಿಗೂ ಕಣ್ಣು ಮುಚ್ಚಿ ಗುರುತಿಸಬಲ್ಲೆ.

ಕರಿ ಬಣ್ಣದ ಪುಡಿಯ ಪೊಟ್ಟಣಗಳು ನಮ್ಮ ಕಡೆಯ ಅಂಗಡಿಗಳಿಗೆ ಬಂದು, ಕಟಿಂಗಿಗೆ ಒಂದು ರೂಪಾಯಿ ಇದ್ದ ಕಾಲವದು. ಒಬ್ಬ ಮೇಷ್ಟ್ರು ಮಗನ ಮದುವೆಗೆಂದು ನರೆಯನ್ನು ಮರೆಸಲು ಹೋಗಿ, ಬಣ್ಣ ಮಾಸಿ ತಲೆಯೆಲ್ಲ ಇಟ್ಟಿಗೆಯ ಕೆಂಪಾದ ಮೇಲೆ ದೊಡ್ಡಯ್ಯನವರ ಬಳಿಗೆ ಬಂದರು. ಮುಹೂರ್ತಕ್ಕೆ ವಾರವಷ್ಟೇ ಉಳಿದಿತ್ತು. ಹತ್ತು ರೂಪಾಯಿ ಕೊಡುವೆನೆಂದರು, ಹದಿನೈದಕ್ಕೆ ಏರಿಸಿದರು. ಸಾಲದೆ, ಕೊಳ್ಳೇಗಾಲದ ನೇಕಾರರ ಬೀದಿಯ ನಂಟನೊಬ್ಬ ಕೊಟ್ಟಿದ್ದ ಹೈಡ್ರೋಸಿನ ಪೊಟ್ಟಣವನ್ನೂ ಜೇಬಿನಿಂದ ತೆಗೆದರು. ರೇಷ್ಮೆಯ ನೂಲಿಗೆ ಹಿಡಿದ ಬಣ್ಣ ಕೆಟ್ಟರೆ ಅದನ್ನು ಎಳೆದು ತೆಗೆಯಲು ಬಣ್ಣಗಾರರು ಬಳಸುವ ಸೋಡಿಯಂ ಹೈಡ್ರೋಸಲ್ಫೈಟ್ ಅದು. ದೊಡ್ಡಯ್ಯ ಅದನ್ನು ಮೂಸಿ ನೋಡಿ ಮಡಿಚಿ ಹಿಂದಕ್ಕೆ ಕೊಟ್ಟರು. "ರೇಷ್ಮೆ ಲಡಿಗೆ ನೋವಿಲ್ಲ ಬುದ್ದಿ, ನಿಮ್ ತಲೆಗೆ ಚರ್ಮ ಅದ. ವಾರಕ್ಕೆರಡು ಸಲ ಎಣ್ಣೆ ಹಚ್ಕಂಡು ಸೀಗೆ ಹಾಕಿ ಮೀಯಿ, ಹದ್ನೈದು ದಿವ್ಸಕ್ಕೊಂದು ಸಲ ಬಂದು ಒಂದೊಂದು ರೂಪಾಯಿ ಕೊಡಿ, ನಾಕು ತಿಂಗ್ಳಿಗೆ ಎಲ್ಲ ಹೋಯ್ತದ. ಮದ್ವೆಗೆ ಪೇಟ ಸುತ್ಕಂಡು ಹೋಗಿ" ಎಂದರು. ಗಿರಾಕಿಯು ಬೆಲೆಯನ್ನು ಏರಿಸುತ್ತ ಹೋದಂತೆ ಕಸುಬುದಾರನು ಅದನ್ನು ಎಂಟು ರೂಪಾಯಿಗೆ ಇಳಿಸಿ ಒಪ್ಪಿಸಿದ ಅಂತಹ ಚೌಕಾಸಿಯನ್ನು ಮತ್ತೆಲ್ಲಿಯೂ ನಾನು ಕಂಡಿಲ್ಲ.

ಅವರ ಮಾತಿನ ಸತ್ಯವನ್ನು ತರುವಾಯ ಪುಸ್ತಕಗಳಲ್ಲಿ ಓದಿ ತಿಳಿದೆ. ಕೂದಲೂ ರೇಷ್ಮೆಯೂ ಪ್ರೋಟೀನಿನ ಎಳೆಗಳೇ ಆದುದರಿಂದ ನೇಕಾರ ನಂಟನ ತರ್ಕವು ಅಷ್ಟರಮಟ್ಟಿಗೆ ಸರಿಯಾದುದೇ. ಬಣ್ಣದಲ್ಲಿರುವ ಪ್ಯಾರಾಫಿನೈಲಿನ್ ಡೈಅಮೀನಿನಂತಹ ಸೂಕ್ಷ್ಮ ಅಣುಗಳು, ಕ್ಷಾರದಿಂದ ಬಿಚ್ಚಿಕೊಂಡ ಕೂದಲಿನ ಹೊರಪೊರೆಯನ್ನು ದಾಟಿ ಒಳಹೊಕ್ಕು, ಹೈಡ್ರೋಜನ್ ಪೆರಾಕ್ಸೈಡಿನ ಸಂಗದಲ್ಲಿ ಒಂದಕ್ಕೊಂದು ಕೂಡಿಕೊಂಡು ಬೆಳೆದು, ಬಂದ ದಾರಿಯಲ್ಲಿ ಹೊರಡಲಾರದೆ ಅಲ್ಲಿಯೇ ನೆಲೆಸುತ್ತವೆ. ಆದುದರಿಂದ ಎಣ್ಣೆ ಸೀಗೆಗಳು ಅವನ್ನು ಮಂಕಾಗಿಸಬಲ್ಲವಲ್ಲದೆ ಪೂರ್ತಿ ತೆಗೆಯಲಾರವು. ಕೂದಲನ್ನು ಕೆಡಿಸದೆ ಪೂರ್ತಿ ತೆಗೆಯುವುದು ಕತ್ತರಿ ಮಾತ್ರ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ದೊಡ್ಡಯ್ಯ ಹೇಳಿದ ನಾಲ್ಕು ತಿಂಗಳು ಮೇಷ್ಟ್ರ ಗಿಡ್ಡ ಕ್ರಾಪಿಗೆ ಸರಿಯಾದ ಲೆಕ್ಕವೇ ಆಗಿತ್ತು.

ಹೀಗೆಂದು ಆ ಕಾಲವನ್ನೆಲ್ಲ ಕೊಂಡಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಹೊಂಗೆಯ ನೆರಳಿನ ಮಣೆಯ ಮೇಲೆ ದಲಿತರು ಕುಳಿತುದನ್ನು ನಾನು ಕಾಣೆ. ಅವರು ತಮ್ಮ ಕೇರಿಯಲ್ಲಿ ತಾವೇ ಒಬ್ಬರಿಗೊಬ್ಬರು ಕ್ಷೌರ ಮಾಡಿಕೊಳ್ಳಬೇಕಾಗಿತ್ತು. ಒಂದೇ ಕತ್ತಿ ಹತ್ತಾರು ಕೆನ್ನೆಗಳ ಮೇಲೆ ಓಡಿ ಹುಣ್ಣನ್ನು ಹಂಚುತ್ತಿತ್ತು. ಅಷ್ಟೊಂದು ಬಲ್ಲ ದೊಡ್ಡಯ್ಯನವರು ತಾವಾದರೂ ಸುಗ್ಗಿಯಲ್ಲಿ ಚೀಲ ಹಿಡಿದು ಕಣದಿಂದ ಕಣಕ್ಕೆ ಹೋಗಿ, ರಾಶಿಯನ್ನೆಲ್ಲ ತುಂಬಿ ಮುಗಿದ ಮೇಲೆ ಮೊರದಲ್ಲಿ ಸುರಿದ ರಾಗಿಯನ್ನು ಆಯವೆಂದು ಪಡೆದು, ಮುಂಜಾನೆ ಎದುರಾದರೆ ಅಪಶಕುನವೆಂಬ ಮಾತನ್ನೂ ಕೇಳಿಕೊಂಡು ಬಾಳಿದವರು. ಅವರ ಮಕ್ಕಳು ಕಸುಬನ್ನು ಬಿಟ್ಟು ಬೆಂಗಳೂರಿಗೆ ಹೋದುದು ನ್ಯಾಯವಾದುದೇ. ಇಂದಿನ ಸಲೂನಿನಲ್ಲಿ ದುಡ್ಡು ಕೊಟ್ಟವರು ಯಾವ ಜಾತಿಯವರೇ ಆಗಲಿ ಕುರ್ಚಿಯ ಮೇಲೆ ಕೂರಬಹುದು, ಪ್ರತಿ ಮುಖಕ್ಕೂ ಹೊಸ ಬ್ಲೇಡು ಬರುತ್ತದೆ. ಇದು ಎಲ್ಲಿ ನಿಜವಾಗಿದೆಯೋ ಅಲ್ಲೆಲ್ಲ ನಾನು ಸಂತೋಷಪಡುತ್ತೇನೆ.

ಆದರೆ ಆ ಕುರ್ಚಿಯ ಮೇಲೆ ಕುಳಿತ ನಮ್ಮ ಹುಡುಗಿಯನ್ನು, ಮೊದಲು ಏನು ಹಚ್ಚಿದ್ದೆ, ಯಾವಾಗ ಹಚ್ಚಿದ್ದೆ, ಗೋರಂಟಿಯೋ ಪುಡಿಯೋ ಎಂದು ಒಬ್ಬರೂ ಕೇಳಲಿಲ್ಲ. ಲೋಹದ ಲವಣ ಬೆರೆಸಿದ ಗೋರಂಟಿ ಹಚ್ಚಿದ ಕೂದಲಿಗೆ ಬ್ಲೀಚು ಹಾಕಿದರೆ ಅದು ಕಾವು ಏರಿ ಎಳೆಯೇ ಸುಟ್ಟುಹೋಗಬಹುದೆಂಬುದು ಈ ಕಸುಬಿನ ಮೊದಲ ಪಾಠವಾಗಬೇಕು. ಮೊದಲು ಹಚ್ಚಿ ಕಾಸು, ಆಮೇಲೆ ತೆಗೆದು ಕಾಸು, ತೆಗೆದುದರಿಂದ ಒರಟಾದ ಕೂದಲನ್ನು ನಯ ಮಾಡಲು ಮತ್ತೆ ಕಾಸು. ಹೀಗೆ ಕೆಡಿಸುವುದನ್ನೂ ಸರಿಪಡಿಸುವುದನ್ನೂ ಒಂದೇ ಕೈ ಮಾರತೊಡಗಿದಾಗ, ಕೆಡದಂತೆ ತಡೆಯುವ ಬುದ್ಧಿ ಆ ಕೈಗೆ ಎಲ್ಲಿಂದ ಬರಬೇಕು?

ದೊಡ್ಡಯ್ಯನವರು ಇದ್ದಿದ್ದರೆ ಹೇಳುತ್ತಿದ್ದುದನ್ನೇ, ನಾನು ಓದಿ ತಿಳಿದ ಒಂದೆರಡನ್ನು ಸೇರಿಸಿ, ಅವಳಿಗೆ ಹೇಳಿದೆ. ಬ್ಲೀಚಿಂಗ್ ಪುಡಿ, ಬಟ್ಟೆ ಸೋಡ, ಹೈಡ್ರೋಸು, ಸೀಮೆಎಣ್ಣೆ, ಇವಾವುವೂ ತಲೆಯ ಹತ್ತಿರ ಸುಳಿಯಕೂಡದು. ರಾತ್ರಿ ಹರಳೆಣ್ಣೆಯನ್ನು ಕೊಬ್ಬರಿ ಎಣ್ಣೆಯೊಡನೆ ಬೆಚ್ಚಗೆ ಮಾಡಿ ಹಚ್ಚಿ, ಬೆಳಗ್ಗೆ ಸೀಗೆಯಲ್ಲೋ ಅಂಟುವಾಳದಲ್ಲೋ ಮೀಯುವುದು, ವಾರಕ್ಕೆರಡು ಸಲ. ಔಷಧದಂಗಡಿಯ ವಿಟಮಿನ್ ಸಿ ಮಾತ್ರೆಗಳನ್ನು ಪುಡಿಮಾಡಿ ಶಾಂಪೂವಿನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟು ತೊಳೆದರೆ ಹೊಸ ಬಣ್ಣ ಸ್ವಲ್ಪ ಇಳಿಯುವುದುಂಟು, ಹಳೆಯದಕ್ಕೆ ಫಲ ಕಡಿಮೆ. ಉರಿ ಬಂದರೆ ಕೂಡಲೇ ನಿಲ್ಲಿಸಬೇಕು. ಉಳಿದದ್ದು ತಿಂಗಳಿಗೊಮ್ಮೆ ತುದಿ ಕತ್ತರಿಸುವುದು. "ಅಷ್ಟು ದಿವ್ಸ ಕಾಯ್ಬೇಕಾ?" ಎಂದಳು. ಹೌದು, ಕಾಯಬೇಕು. ಬಡವರ ಮನೆಯಲ್ಲಿ ದುಡ್ಡಿನ ಬದಲು ವ್ಯಯ ಮಾಡಬಹುದಾದುದು ಕಾಲವೊಂದೇ ಎಂಬುದನ್ನು ದೊಡ್ಡಯ್ಯ ಬಲ್ಲವರಾಗಿದ್ದರು. ಅವಸರಕ್ಕೆ ಬೆಲೆ ಕಟ್ಟಿ ಮಾರುವವರ ಬೀದಿಯಲ್ಲಿ, ಹಣವೊಡ್ಡಿದ ಗಿರಾಕಿಗೆ ಆಗದೆಂದು ಹೇಳಬಲ್ಲ ಒಬ್ಬ ಕಸುಬುದಾರನೂ ಉಳಿಯದಿರುವುದೇ ನಮ್ಮ ಊರಿಗೆ ಆಗಿರುವ ನಷ್ಟ.