ಲೆಕ್ಕದ ಪುಸ್ತಕವೆಂದು ನಾವು ಕಳೆದುಕೊಂಡದ್ದು

ವಿಶ್ವವಿದ್ಯಾಲಯದ ಗ್ರಂಥಾಲಯವೆಂದರೆ ಪುಸ್ತಕಗಳನ್ನು ಕೂಡಿಡುವ ಜಾಗ ಎಂದು ಹೆಚ್ಚಿನವರು ತಿಳಿದಿದ್ದಾರೆ. ಇದು ಅರ್ಧ ಸತ್ಯ. ಪುಸ್ತಕಗಳನ್ನು ಹೊರಗೆ ಹಾಕುವ ಕೆಲಸವೂ ಅಲ್ಲಿ ನಡೆಯುತ್ತದೆ. ಸಂಗ್ರಹ ವಿಭಾಗದಲ್ಲಿ ದುಡಿಯುವ ನಮ್ಮ ಪಾಲಿಗೆ ಬಂದಿರುವುದು ಈ ಎರಡೂ ಕೆಲಸಗಳು. ಯಾವುದನ್ನು ಕೊಳ್ಳಬೇಕು, ದಾನವಾಗಿ ಬಂದದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಹರಿದದ್ದರಲ್ಲಿ ಯಾವುದಕ್ಕೆ ಬೈಂಡಿಂಗ್ ಮಾಡಿಸಬೇಕು, ಯಾವುದನ್ನು ರದ್ದಿಗೆ ಕಳಿಸಬೇಕು ಎಂದು ನಾವು ದಿನವೂ ತೀರ್ಮಾನಿಸುತ್ತಿರುತ್ತೇವೆ. ನಮ್ಮ ಒಳ್ಳೆಯ ತೀರ್ಮಾನಗಳು ಓದುಗರಿಗೆ ಕಪಾಟಿನಲ್ಲಿ ಕಾಣುತ್ತವೆ. ತಪ್ಪು ತೀರ್ಮಾನಗಳು ಯಾರಿಗೂ ಕಾಣುವುದಿಲ್ಲ. ಅಂತಹ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸಣ್ಣ ಊರಿನ ನಿವೃತ್ತ ಉರ್ದು ಮೇಷ್ಟ್ರು ತೀರಿಕೊಂಡಾಗ ಅವರ ಮಕ್ಕಳು ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ನಮ್ಮ ಗ್ರಂಥಾಲಯಕ್ಕೆ ಕೊಟ್ಟರು. ಒಂದು ಟೆಂಪೋ ತುಂಬ ಪುಸ್ತಕಗಳು ಬಂದವು. ಗೋಣಿಚೀಲಗಳಲ್ಲಿ ಉರ್ದು ಕಾದಂಬರಿಗಳು, ಕವನ ಸಂಕಲನಗಳು, ಕನ್ನಡದ ಮಾಸಪತ್ರಿಕೆಗಳ ಬಿಡಿ ಸಂಚಿಕೆಗಳು, ಶಾಲೆಯ ಪಠ್ಯಗಳು, ಕೆಂಪು ಬಟ್ಟೆಯ ರಟ್ಟಿನ ನಾಲ್ಕು ಉದ್ದನೆಯ ನೋಟುಪುಸ್ತಕಗಳು. ನಾವು ರಶೀದಿ ಬರೆದೆವು. ಕೃತಜ್ಞತಾ ಪತ್ರಕ್ಕೆ ಸಹಿ ಮಾಡಿಸಿದೆವು. ಚೀಲಗಳು ಮೆಟ್ಟಿಲ ಕೆಳಗೆ ಹೋಗಿ ಕುಳಿತವು.

ಜಾಗದ ಕೊರತೆ ನಮ್ಮೊಬ್ಬರ ಸಮಸ್ಯೆಯಲ್ಲ. ಅಮೆರಿಕದ ಗ್ರಂಥಪಾಲಕ ಫ್ರೆಮಾಂಟ್ ರೈಡರ್ 1944ರಲ್ಲೇ ಲೆಕ್ಕ ಹಾಕಿ, ಸಂಶೋಧನಾ ಗ್ರಂಥಾಲಯಗಳು ಸುಮಾರು 16 ವರ್ಷಗಳಿಗೊಮ್ಮೆ ಇಮ್ಮಡಿಯಾಗುತ್ತಿವೆ ಎಂದು ಎಚ್ಚರಿಸಿದ್ದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದ ಬಗ್ಗೆ 1979ರಲ್ಲಿ ಪ್ರಕಟವಾದ ಅಧ್ಯಯನವು ಇನ್ನೊಂದು ಮುಖವನ್ನು ತೋರಿಸಿತು. ಅಲ್ಲಿ 1969ರಲ್ಲಿ ಸೇರಿದ ಪುಸ್ತಕಗಳ ಪೈಕಿ ಸುಮಾರು ಶೇ. 40ರಷ್ಟನ್ನು ಮೊದಲ ಆರು ವರ್ಷಗಳಲ್ಲಿ ಒಬ್ಬರೂ ಎರವಲು ಪಡೆದಿರಲಿಲ್ಲ. ಇಂತಹ ಅಂಕಿಗಳನ್ನು ಕೇಳಿದ ಯಾವ ಆಡಳಿತಗಾರನಾದರೂ, “ಯಾರೂ ಓದದ್ದನ್ನು ಏಕೆ ಇಟ್ಟುಕೊಂಡಿದ್ದೀರಿ?” ಎಂದೇ ಕೇಳುತ್ತಾನೆ. ನಮ್ಮನ್ನೂ ಕೇಳಿದರು. ಆ ವರ್ಷ ಮೆಟ್ಟಿಲ ಕೆಳಗಿನ ಜಾಗವನ್ನು ಕಂಪ್ಯೂಟರ್ ಕೊಠಡಿಗೆ ಬಿಟ್ಟುಕೊಡಬೇಕೆಂದು ಆದೇಶ ಬಂತು.

ನಾವು ಚೀಲಗಳನ್ನು ಬಿಚ್ಚಿದೆವು. ನಮ್ಮಲ್ಲಿ ನಿಯಮಗಳಿದ್ದವು. ಈಗಾಗಲೇ ಇರುವ ಪುಸ್ತಕದ ಇನ್ನೊಂದು ಪ್ರತಿ ಬೇಡ. ಗೆದ್ದಲು ಹಿಡಿದದ್ದು ಬೇಡ. ಹಳೆಯ ಪಠ್ಯಪುಸ್ತಕ ಬೇಡ. ಮುದ್ರಿತವಲ್ಲದ, ಖಾಸಗಿ ಲೆಕ್ಕಪತ್ರಗಳು ಬೇಡ. ವಿಭಾಗದಲ್ಲಿದ್ದ ನಾಲ್ವರಲ್ಲಿ ಒಬ್ಬರಿಗೂ ಉರ್ದು ಓದಲು ಬರುತ್ತಿರಲಿಲ್ಲ. ಮುದ್ರಿತ ಪುಸ್ತಕಗಳನ್ನು ಹೇಗೋ ‘ಇತರ ಭಾಷೆ’ ಎಂಬ ಕಪಾಟಿಗೆ ಸೇರಿಸಿದೆವು. ಕೆಂಪು ರಟ್ಟಿನ ನೋಟುಪುಸ್ತಕಗಳನ್ನು ತೆರೆದಾಗ ಗೆರೆ ಎಳೆದ ಅಂಕಣಗಳು ಕಂಡವು. ಪ್ರತಿ ಸಾಲಿನಲ್ಲೂ ಒಂದು ಹೆಸರು, ಅದರ ಪಕ್ಕ ಅಂಕಿಗಳು, ಕೆಲವು ಸಾಲುಗಳ ಮೇಲೆ ಅಡ್ಡಗೆರೆ. ಕಿರಾಣಿ ಅಂಗಡಿಯ ಉದ್ರಿ ಲೆಕ್ಕದ ಹಾಗೇ ಇತ್ತು. ಮೇಷ್ಟ್ರ ಮನೆಯವರು ಅಂಗಡಿ ನಡೆಸುತ್ತಿದ್ದಿರಬೇಕು ಎಂದು ನಮ್ಮಲ್ಲೊಬ್ಬರು ಹೇಳಿದರು. ಉಳಿದವರು ತಲೆದೂಗಿದೆವು. ನಾಲ್ಕೂ ಪುಸ್ತಕಗಳು ರದ್ದಿಯವನ ತಕ್ಕಡಿಗೆ ಹೋದವು.

ಮರುವರ್ಷ ಮೇಷ್ಟ್ರ ಮಗಳು ಬಂದರು. ಅವರೂ ಶಿಕ್ಷಕಿ. ತಂದೆಯ ಪುಸ್ತಕಗಳು ಹೇಗಿವೆ ಎಂದು ನೋಡಿಹೋಗುವ ಆಸೆ. ‘ಇತರ ಭಾಷೆ’ಯ ಕಪಾಟಿನ ಮುಂದೆ ತುಂಬ ಹೊತ್ತು ನಿಂತು, ಒಂದೆರಡು ಪುಸ್ತಕಗಳನ್ನು ಸೆರಗಿನಿಂದ ಒರೆಸಿ ಮತ್ತೆ ಇಟ್ಟರು. ಆಮೇಲೆ ಕೇಳಿದರು:

“ಅಬ್ಬಾರ ಫೆಹರಿಸ್ತ್ ಎಲ್ಲಿದೆ ಸಾರ್?”

ನಮಗೆ ಅರ್ಥವಾಗಲಿಲ್ಲ. ಅವರೇ ವಿವರಿಸಿದರು. ಮೇಷ್ಟ್ರು ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷ ಮೊಹಲ್ಲಾದ ಜನರಿಗೆ ಪುಸ್ತಕ ಎರವಲು ಕೊಡುತ್ತಿದ್ದರಂತೆ. ಹಣ ತೆಗೆದುಕೊಳ್ಳುತ್ತಿರಲಿಲ್ಲ. ಬೀಡಿ ಕಟ್ಟುವ ಹೆಂಗಸರು, ಟೈಲರುಗಳು, ಗ್ಯಾರೇಜಿನ ಹುಡುಗರು, ಪಕ್ಕದ ಬೀದಿಯ ಹಿಂದೂ ಮನೆಗಳ ಮಕ್ಕಳು ಎಲ್ಲರೂ ಬರುತ್ತಿದ್ದರು. ಯಾರು, ಯಾವ ಪುಸ್ತಕ, ಯಾವ ದಿನ ಒಯ್ದರು ಎಂಬುದನ್ನು ಆ ಕೆಂಪು ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಪುಸ್ತಕ ಮರಳಿದಾಗ ಅಡ್ಡಗೆರೆ ಎಳೆಯುತ್ತಿದ್ದರು. ನಾವು ತೀರಿದ ಸಾಲವೆಂದುಕೊಂಡ ಗೆರೆಗಳು ಅವೇ.

“ಮನೆಯವರಿಗೂ ರಿಯಾಯಿತಿ ಇರಲಿಲ್ಲ ಸಾರ್. ನಾನು ಆರನೇ ಕ್ಲಾಸಿನಲ್ಲಿದ್ದಾಗ ಮೊದಲ ಪುಸ್ತಕ ತೆಗೆದುಕೊಂಡೆ. ನನ್ನ ಹೆಸರನ್ನೂ ಬರೆದರು. ಅದನ್ನೊಮ್ಮೆ ನೋಡಬೇಕಿತ್ತು.”

ಆಗ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹುಡುಕಿ ತಿಳಿಸುತ್ತೇವೆ ಎಂದು ಸುಳ್ಳು ಹೇಳುವುದು ಸುಲಭವಿತ್ತು. ನಮ್ಮಲ್ಲಿ ಹಿರಿಯರಾದ ಮೇಡಂ ನಿಜವನ್ನೇ ಹೇಳಿದರು. ಆಕೆ ಸಿಟ್ಟಾಗಲಿಲ್ಲ. “ನಿಮಗೆ ಓದಲು ಬರುತ್ತಿರಲಿಲ್ಲವೇ?” ಎಂದಷ್ಟೇ ಕೇಳಿದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಫೆಹರಿಸ್ತ್ ಎಂದರೆ ಪಟ್ಟಿ. ಈ ಪದವೇ ಹೆಸರಾಗಿರುವ ಒಂದು ಗ್ರಂಥದ ಬಗ್ಗೆ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳಾಗಿದ್ದಾಗ ನಾವೆಲ್ಲ ಓದಿದ್ದೆವು. ಬಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನುನ್ನದೀಮ್ ಕ್ರಿ.ಶ. 987ರ ಸುಮಾರಿಗೆ ಅರಬಿ ಭಾಷೆಯಲ್ಲಿ ತನಗೆ ತಿಳಿದಿದ್ದ ಗ್ರಂಥಗಳನ್ನೆಲ್ಲ ‘ಫಿಹ್ರಿಸ್ತ್’ನಲ್ಲಿ ಪಟ್ಟಿ ಮಾಡಿದ. ಧರ್ಮ, ವ್ಯಾಕರಣ, ಕಾವ್ಯ, ವೈದ್ಯ, ಗಣಿತ, ಕತೆ ಯಾವುದನ್ನೂ ಬಿಡಲಿಲ್ಲ. ಅವನು ಹೆಸರಿಸಿದ ಎಷ್ಟೋ ಗ್ರಂಥಗಳು ಇಂದು ಲೋಕದಲ್ಲಿ ಎಲ್ಲೂ ಇಲ್ಲ. ಅವು ಇದ್ದವು ಎಂಬುದು ನಮಗೆ ಗೊತ್ತಿರುವುದು ಆ ಪಟ್ಟಿಯಿಂದ. ಪುಸ್ತಕಗಳು ಹೋಗಿ ಪಟ್ಟಿ ಉಳಿದದ್ದು ಅಲ್ಲಿನ ಚರಿತ್ರೆ. ನಮ್ಮಲ್ಲಿ ಅದು ತಿರುಗುಮುರುಗಾಯಿತು. ಬೇರೆ ಅಂಗಡಿಗಳಲ್ಲೂ ಸಿಗಬಹುದಾದ ಪುಸ್ತಕಗಳನ್ನು ಇಟ್ಟುಕೊಂಡೆವು. ಜಗತ್ತಿನಲ್ಲಿ ಒಂದೇ ಪ್ರತಿ ಇದ್ದ ಪಟ್ಟಿಯನ್ನು ತೂಕಕ್ಕೆ ಹಾಕಿದೆವು. ಒಂದು ಸಣ್ಣ ಊರಿನ ದುಡಿಯುವ ಜನ ಮೂವತ್ತು ವರ್ಷ ಏನು ಓದಿದರೆಂದು ತಿಳಿಯಲು ಇನ್ನು ದಾರಿಯಿಲ್ಲ.

ಓದಬಲ್ಲವರು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನಲ್ಲೇ ಉದಾಹರಣೆಯಿದೆ. 1891ರಲ್ಲಿ ಆರಂಭವಾದ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು. 1909ರಲ್ಲಿ ಮೂಲಪಠ್ಯವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಪ್ರಕಟವಾದವು. ಶಾಸ್ತ್ರಿಗಳಿಗೆ ಆ ಲಿಪಿ ಬಾರದಿದ್ದರೆ, ಅಥವಾ ಬಿಚ್ಚಿ ನೋಡುವ ತಾಳ್ಮೆ ಇಲ್ಲದಿದ್ದರೆ? ನಮ್ಮ ಮೇಷ್ಟ್ರ ನೋಟುಪುಸ್ತಕ ಅರ್ಥಶಾಸ್ತ್ರವಲ್ಲ, ಒಪ್ಪೋಣ. ಆದರೆ ಯಾವ ಕಟ್ಟಿನಲ್ಲಿ ಏನಿದೆಯೆಂದು ಬಿಚ್ಚುವ ಮೊದಲೇ ಹೇಳಬಲ್ಲವರು ಯಾರು?

ಹಾಗೆಂದು ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ನಾವು ವಾದಿಸುವುದಿಲ್ಲ. ಗ್ರಂಥಾಲಯವು ಬೆಳೆಯುವ ಜೀವಿಯೆಂದು ಎಸ್.ಆರ್. ರಂಗನಾಥನ್ 1931ರಲ್ಲಿ ತಮ್ಮ ಪಂಚ ಸೂತ್ರಗಳಲ್ಲಿ ಹೇಳಿದ್ದರು. ಬೆಳೆಯುವ ಜೀವಿ ಬೇಡದ್ದನ್ನು ಕಳಚಿಕೊಳ್ಳಲೇಬೇಕು. ಆದರೆ ಪ್ರತಿ ಪುಸ್ತಕಕ್ಕೂ ಅದರ ಓದುಗನಿದ್ದಾನೆ ಎಂಬುದೂ ಅವರದೇ ಸೂತ್ರ. ನಮಗೆ ಓದಲು ಬರುವುದಿಲ್ಲ ಎಂಬುದು ಅದಕ್ಕೆ ಓದುಗನಿಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಇಂದು ಈ ಮಾತಿಗೆ ಇನ್ನೂ ಹೆಚ್ಚಿನ ಮಹತ್ವವಿದೆ. ‘ಒಂದು ರಾಷ್ಟ್ರ ಒಂದು ಚಂದಾದಾರಿಕೆ’ ಯೋಜನೆಗೆ ಕೇಂದ್ರ ಸಂಪುಟವು 2024ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಇ-ನಿಯತಕಾಲಿಕೆಗಳು ಸರಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಸಿಗುತ್ತವೆ. ನಮ್ಮ ಸಂಶೋಧಕರಿಗೆ ಇದರಿಂದ ನಿಜಕ್ಕೂ ಉಪಕಾರವಾಗಿದೆ. ಆದರೆ ಒಂದು ಊರಿನ ಮೇಷ್ಟ್ರ ಕೈಬರಹವಾಗಲಿ, ನಾಲ್ಕು ವರ್ಷ ನಡೆದು ನಿಂತ ಕನ್ನಡ ಪತ್ರಿಕೆಯಾಗಲಿ ಯಾವ ಅಂತಾರಾಷ್ಟ್ರೀಯ ಪ್ರಕಾಶಕನ ಪಟ್ಟಿಯಲ್ಲೂ ಇರುವುದಿಲ್ಲ. ಎಲ್ಲ ಗ್ರಂಥಾಲಯಗಳಲ್ಲೂ ಒಂದೇ ನಿಯತಕಾಲಿಕೆಗಳು ದೊರೆಯುವ ಕಾಲದಲ್ಲಿ, ಒಂದು ಗ್ರಂಥಾಲಯ ಇನ್ನೊಂದಕ್ಕಿಂತ ಬೇರೆಯಾಗುವುದು ಮೆಟ್ಟಿಲ ಕೆಳಗಿನ ಚೀಲಗಳಿಂದಲೇ.

ಆ ಘಟನೆಯ ನಂತರ ನಾವು ಎರಡು ಪದ್ಧತಿ ಮಾಡಿಕೊಂಡೆವು. ನಮ್ಮಲ್ಲಿ ಯಾರಿಗೂ ಓದಲಾಗದ ಲಿಪಿಯ ಒಂದು ಹಾಳೆಯನ್ನೂ, ಓದಬಲ್ಲವರೊಬ್ಬರು ನೋಡಿ ಸಹಿ ಹಾಕುವ ತನಕ ಹೊರಗೆ ಕಳಿಸುವುದಿಲ್ಲ. ಪುಸ್ತಕ ದಾನ ಮಾಡುವ ಮನೆಯವರೊಂದಿಗೆ ಅರ್ಧ ದಿನ ಕುಳಿತು, ಯಾವುದು ಏನೆಂದು ಕೇಳಿ ಬರೆದುಕೊಳ್ಳುತ್ತೇವೆ. ಖರ್ಚು ಎರಡು ಲೋಟ ಚಹಾ.

ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಹಿರಿಯರ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಡುವಾಗ ಚೀಲ ಇಳಿಸಿ ರಶೀದಿ ಪಡೆದು ಹೊರಟುಬಿಡಬೇಡಿ. ಪಕ್ಕದಲ್ಲಿ ನಿಂತು ಮಾತಾಡಿ. ಇದು ಅಜ್ಜಿಯ ಔಷಧದ ಪಟ್ಟಿ, ಇದು ಸಂಘದ ನಡಾವಳಿ, ಇದು ತಂದೆಯ ದಿನಚರಿ ಎಂದು ಒಂದು ಚೀಟಿ ಬರೆದು ಒಳಗಿಡಿ. ನಾವು ಕೆಟ್ಟವರಲ್ಲ, ಆದರೆ ನಮಗೆ ಎಲ್ಲವೂ ತಿಳಿದಿರುವುದಿಲ್ಲ.

ಮೇಷ್ಟ್ರ ಮಗಳು ಆಮೇಲೆ ರಜಾದಿನಗಳಲ್ಲಿ ಕೆಲವು ಬಾರಿ ಬಂದು ‘ಇತರ ಭಾಷೆ’ಯ ಪುಸ್ತಕಗಳ ಹೆಸರುಗಳನ್ನು ನಮಗೆ ಓದಿ ಹೇಳಿದರು. ನಾವು ಕನ್ನಡದಲ್ಲಿ ಬರೆದುಕೊಂಡು ಸೂಚಿಗೆ ಸೇರಿಸಿದೆವು. ಕೊನೆಯ ದಿನ ಹೊರಡುವ ಮುನ್ನ ಆಕೆ ಒಂದು ಪುಸ್ತಕವನ್ನು ಎರವಲು ಕೇಳಿದರು. ನಿಯಮದ ಪ್ರಕಾರ ಹೊರಗಿನವರಿಗೆ ಕೊಡುವಂತಿಲ್ಲ. ನಾವು ರಿಜಿಸ್ಟರ್ ತೆರೆದು ಅವರ ಹೆಸರು, ಪುಸ್ತಕದ ಹೆಸರು, ತಾರೀಕು ಬರೆದೆವು.