ತೆಲಸಂಗದ ದ್ರಾಕ್ಷಿಯೂ ಸೀಸೆಯ ಸಿಹಿಯೂ

ಅಥಣಿಯನ್ನು ಬಿಟ್ಟು ವಿಜಯಪುರದತ್ತ ಹೊರಟ ಬಸ್ಸು ಪೂರ್ವಕ್ಕೆ ಸಾಗಿದಂತೆಲ್ಲ ನೆಲದ ನೋಟವೇ ಬದಲಾಗುತ್ತದೆ. ಕೃಷ್ಣೆಯ ದಂಡೆಯ ಕಬ್ಬಿನ ಹಸಿರು ಹಿಂದೆ ಸರಿದು, ಜೋಳ ಕಡಲೆಗಳ ಒಣಬೇಸಾಯದ ಬಯಲು ಎದುರಾಗುತ್ತದೆ. ಆ ಬಯಲಿನ ನಡುವೆ ತಂತಿಯ ಚಪ್ಪರದ ಮೇಲೆ ಹಬ್ಬಿದ ದ್ರಾಕ್ಷಿ ತೋಟಗಳು ಕಾಣತೊಡಗಿದರೆ ತೆಲಸಂಗ ಸಮೀಪಿಸಿತೆಂದು ತಿಳಿಯಬೇಕು.

ಈ ಊರಿನ ಸುತ್ತಣ ರೈತನ ಬಾಳು ಸಿಹಿಯನ್ನೇ ನಂಬಿದ್ದು. ಬೇಸಗೆ ಕಾಲಿಡುವ ಹೊತ್ತಿಗೆ ಗೊಂಚಲುಗಳನ್ನು ಕೊಯ್ದು, ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರದಡಿ ಬಲೆಗಳ ಮೇಲೆ ಹರಡುತ್ತಾರೆ. ಎರಡು ವಾರದಷ್ಟು ಕಾಲ ಬಿಸಿಗಾಳಿ ಆಡಿದರೆ ಸುಮಾರು 4 ಕಿಲೋ ಹಣ್ಣು 1 ಕಿಲೋ ಒಣದ್ರಾಕ್ಷಿಯಾಗುತ್ತದೆ. ಇಲ್ಲಿಯವರ ಮಾತಿನಲ್ಲಿ ಅದು ಮಣೂಕ. ನೀರು ಹಾರಿಹೋಗುತ್ತದೆ, ಸಿಹಿ ಉಳಿಯುತ್ತದೆ. ಆ ದಿನಗಳಲ್ಲಿ ಒಂದು ಅಕಾಲದ ಮಳೆ ಬಿದ್ದರೆ ವರ್ಷದ ದುಡಿಮೆ ಕೊಳೆತುಹೋಗುವುದೂ ಉಂಟು.

ಇಂಥ ಊರಿನಲ್ಲಿಯೂ ಬೇಸಗೆಯ ನಡುಹಗಲು ಬಸ್ಸಿಳಿದವನ ಕಣ್ಣು ಮೊದಲು ಅರಸುವುದು ಅಂಗಡಿಯ ತಂಪು ಪೆಟ್ಟಿಗೆಯನ್ನು. "ತಣ್ಣಗಿರೂದೊಂದು ಬಾಟ್ಲಿ ಕೊಡ್ರಿ ಕಾಕಾ" ಎಂದು ಹುಡುಗನೊಬ್ಬ ಕೈಚಾಚುತ್ತಾನೆ. ಬಣ್ಣದ ನೀರು ಗಂಟಲಲ್ಲಿ ಇಳಿಯುತ್ತದೆ. ಅದರೊಳಗಣ ಸಿಹಿ ಎಲ್ಲಿಯದೆಂದು ಹುಡುಗನೂ ಕೇಳುವುದಿಲ್ಲ, ಕಾಕಾನೂ ಹೇಳುವುದಿಲ್ಲ. ಆದರೆ ಸಿಹಿಯನ್ನು ಬೆಳೆದು ಉಣ್ಣುವ ನಾಡಿನಲ್ಲಿ ಇದು ಕೇಳಬೇಕಾದ ಪ್ರಶ್ನೆಯೇ ಸರಿ.

ಲೆಕ್ಕ ಸುಲಭವಾಗಿದೆ. ಸಾಮಾನ್ಯ ಕೋಲಾ ಪಾನೀಯದ 100 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ನಮ್ಮ ದೇಶದಲ್ಲಿ ಸಕ್ಕರೆಯೆಂದರೆ ಕಬ್ಬಿನ ಸಕ್ಕರೆಯೇ. 1 ಟನ್ ಕಬ್ಬು ಅರೆದರೆ ದೊರೆಯುವುದು ಸುಮಾರು 100 ಕಿಲೋ. ಹಾಗಾದರೆ 250 ಮಿಲಿಲೀಟರಿನ ಒಂದು ಸೀಸೆಯಲ್ಲಿ ಕಾಲು ಕಿಲೋ ಕಬ್ಬು ಅಡಗಿದೆ ಎಂದಾಯಿತು. ತೆಲಸಂಗದಿಂದ ಪಶ್ಚಿಮಕ್ಕೆ, ಕಾಗವಾಡ ತಾಲೂಕಿನ ಉಗಾರದಲ್ಲಿ 1939ರಲ್ಲಿ ಸ್ಥಾಪಿತವಾದ ಸಕ್ಕರೆ ಕಂಪನಿಯೂ, ಅದರ ತರುವಾಯ ಜಿಲ್ಲೆಯಲ್ಲಿ ಎದ್ದ ಹತ್ತಾರು ಕಾರ್ಖಾನೆಗಳೂ ಇಂಥ ಸಿಹಿಯನ್ನೇ ಚೀಲಕ್ಕೆ ತುಂಬುತ್ತಿವೆ. ಅದೇ ಸೀಸೆಗೆ ಸಕ್ಕರೆಯ ಬದಲು ಆಸ್ಪರ್ಟೇಮ್ ಎಂಬ ಕೃತಕ ಸಿಹಿಯನ್ನು ಹಾಕಿದರೆ ಒಂದು ಚಿಟಿಕೆಯೂ ಬೇಕಾಗದು. ಅದು ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಕಾಲು ಕಿಲೋ ಕಬ್ಬಿನ ಎದುರಿಗೆ ಒಂದು ಚಿಟಿಕೆಗಿಂತ ಕಡಿಮೆ ಪುಡಿ! ತಯಾರಕರ ಪಾಕ ಏಕೆ ಬದಲಾಗುತ್ತದೆ ಎಂಬುದರ ಅರ್ಧ ಉತ್ತರ ಇಲ್ಲಿಯೇ ಇದೆ.

ಅಮೆರಿಕದ ಕಥೆ ಇದಕ್ಕೆ ಸಾಕ್ಷಿ. ಅಲ್ಲಿ ಆಮದು ಸಕ್ಕರೆಗೆ ಸುಂಕ ಮತ್ತು ಮಿತಿಗಳ ಕಟ್ಟು; ಮೆಕ್ಕೆಜೋಳವೋ ಬೇಕಾದಷ್ಟು ಅಗ್ಗ. ಮೆಕ್ಕೆಜೋಳದಿಂದ ತೆಗೆದ ಸಿಹಿಪಾಕವನ್ನು ಕೋಕಾ ಕೋಲಾ ಕಂಪನಿ 1980ರಲ್ಲಿ ಅರ್ಧಕ್ಕೂ, 1984ರಲ್ಲಿ ಪೂರ್ತಿಯಾಗಿಯೂ ಸಕ್ಕರೆಯ ಸ್ಥಾನದಲ್ಲಿ ಒಪ್ಪಿಕೊಂಡಿತು. ಜನ ಹೆಚ್ಚು ಗದ್ದಲ ಮಾಡಲಿಲ್ಲ. ಆದರೆ 1985ರ ಏಪ್ರಿಲ್ 23ರಂದು ಅದೇ ಕಂಪನಿ, ಸುಮಾರು 2 ಲಕ್ಷ ಜನರಿಗೆ ರುಚಿ ತೋರಿಸಿ ನೋಡಿದ ಮೇಲೆ, ರುಚಿಯನ್ನೇ ಬದಲಿಸಿದ್ದೇವೆಂದು ಡಂಗುರ ಸಾರಿತು. ದೇಶವೇ ಸಿಡಿದೆದ್ದಿತು, 79 ದಿನಗಳಲ್ಲಿ ಹಳೆಯ ರುಚಿ ಮರಳಿ ಬಂದಿತು. ಸದ್ದಿಲ್ಲದೆ ಮಾಡಿದ ಬದಲಾವಣೆ ನಿಂತಿತು, ಸಾರಿ ಮಾಡಿದ್ದು ಬಿದ್ದಿತು. ಈ ಪಾಠವನ್ನು ವ್ಯಾಪಾರಿಗಳು ಮರೆತಿಲ್ಲ.

ನಮ್ಮ ಕನ್ನಡ ನಾಡಿಗೂ ಇದರಲ್ಲಿ ಒಂದು ಪಾಲುಂಟು. 1977ರಲ್ಲಿ ಕೋಕಾ ಕೋಲಾ ಭಾರತವನ್ನು ಬಿಟ್ಟುಹೋದಾಗ ಸರ್ಕಾರವೇ ಒಂದು ಸ್ವದೇಶಿ ಪಾನೀಯವನ್ನು ಹೊರತಂದಿತು. ಆ ವರ್ಷದ ನೆನಪಿಗೆ ‘77’ ಎಂದು ಹೆಸರಾದ ಅದರ ಪಾಕ ಸಿದ್ಧವಾದದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ. ಪಾಕ ಬಲ್ಲವರಿದ್ದರೂ ಪಾನೀಯ ಬಹುಕಾಲ ಬಾಳಲಿಲ್ಲ. 1993ರಲ್ಲಿ ಪರದೇಶದ ಸೀಸೆ ಮರಳಿ ಬಂದಿತು. ಮುಂದೆ 2014ರ ಸೆಪ್ಟೆಂಬರಿನಲ್ಲಿ ತುಮಕೂರಿನ ಆಹಾರ ಉದ್ಯಾನದ ಉದ್ಘಾಟನೆಯ ವೇಳೆ ಪ್ರಧಾನಿ ನರೇಂದ್ರ ಮೋದಿಯವರು, ಇಂಥ ಪಾನೀಯಗಳಲ್ಲಿ ಶೇಕಡಾ 5ರಷ್ಟಾದರೂ ಹಣ್ಣಿನ ರಸ ಬೆರೆಸಿದರೆ ರೈತನ ಹಣ್ಣಿಗೆ ಮಾರುಕಟ್ಟೆ ದೊರೆಯುವುದೆಂದು ಸೂಚಿಸಿದರು. ಹಣ್ಣು ಬೆಳೆಯುವ ಯಾವ ಊರಿಗೂ, ತೆಲಸಂಗಕ್ಕೂ, ಕಿವಿಗೊಡಬೇಕೆನಿಸುವ ಮಾತು ಅದು.

ಉತ್ತರದ ಉಳಿದರ್ಧ ಸರ್ಕಾರದ ತೆರಿಗೆಯಲ್ಲಿದೆ. ಬ್ರಿಟನ್ 2016ರಲ್ಲಿ ಒಂದು ಹೊಸ ತೆರಿಗೆಯನ್ನು ಘೋಷಿಸಿ 2018ರ ಏಪ್ರಿಲಿನಿಂದ ಜಾರಿಗೆ ತಂದಿತು: 100 ಮಿಲಿಲೀಟರಿನಲ್ಲಿ 5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಇದ್ದರೆ ತೆರಿಗೆ, 8 ಗ್ರಾಂ ಮುಟ್ಟಿದರೆ ಇನ್ನೂ ಹೆಚ್ಚು. ತೆರಿಗೆ ಜಾರಿಯಾಗುವ ಮುನ್ನವೇ ಅನೇಕ ತಯಾರಕರು ಸಕ್ಕರೆಯನ್ನು 5 ಗ್ರಾಂಗಿಂತ ಕೆಳಕ್ಕೆ ಇಳಿಸಿ ಕೃತಕ ಸಿಹಿಯನ್ನು ಬೆರೆಸಿದರು. ಸ್ಕಾಟ್ಲೆಂಡಿನ ‘ಐರ್ನ್ ಬ್ರೂ’ ತನ್ನ ಸಕ್ಕರೆಯನ್ನು 10.3 ಗ್ರಾಂನಿಂದ 4.7 ಗ್ರಾಂಗೆ ತಗ್ಗಿಸಿದಾಗ ಅಭಿಮಾನಿಗಳು ಹಳೆಯ ಸೀಸೆಗಳನ್ನು ಮನೆಯಲ್ಲಿ ಕೂಡಿಟ್ಟರಂತೆ!

ಇನ್ನು ನಮ್ಮ ದೇಶದ ರೀತಿ ಬೇರೆ. 2025ರ ಸೆಪ್ಟೆಂಬರ್ 22ರಿಂದ ನೊರೆಯುಕ್ಕುವ ಸಿಹಿ ಪಾನೀಯಗಳ ಮೇಲೆ ಶೇಕಡಾ 40ರ ತೆರಿಗೆ ಇದೆ. ಸಕ್ಕರೆ ಹತ್ತು ಗ್ರಾಂ ಇರಲಿ, ಎರಡು ಗ್ರಾಂ ಇರಲಿ, ಕೃತಕ ಸಿಹಿಯೇ ಇರಲಿ, ದರ ಒಂದೇ. ನೊರೆಯಿಲ್ಲದ ಹಣ್ಣಿನ ಪಾನೀಯಕ್ಕೆ ಶೇಕಡಾ 5 ಮಾತ್ರ, ಅದರಲ್ಲಿ ಸಕ್ಕರೆ ಎಷ್ಟೇ ಸುರಿದಿರಲಿ. ಹಣ್ಣಿನ ರಸ ಬೆರೆಸಿದರೂ ನೊರೆ ಇದ್ದರೆ ಮತ್ತೆ 40. ನಮ್ಮ ತೆರಿಗೆ ಗುಳ್ಳೆಯನ್ನು ಅಳೆಯುತ್ತದೆ, ಸಕ್ಕರೆಯನ್ನಲ್ಲ. ಸಕ್ಕರೆ ತಗ್ಗಿಸಿದವನಿಗೆ ಅದರಿಂದ ಲಾಭವಿಲ್ಲ. ನೊರೆಗೆ ಹಣ್ಣು ಬೆರೆಸಿದವನಿಗೂ ಇಲ್ಲ. ತುಮಕೂರಿನ ಮಾತು ದ್ರಾಕ್ಷಿ ತೋಟದವರೆಗೆ ನಡೆದುಬರಲು ದಾರಿ ದೂರವೇ ಉಳಿದಿದೆ.

ಹಾಗೆಂದು ಸಕ್ಕರೆಯನ್ನು ತೆಗೆದು ಪುಡಿ ಹಾಕಿದೊಡನೆ ಎಲ್ಲ ಕ್ಷೇಮವೆಂದೂ ಅಲ್ಲ. ತೂಕ ಇಳಿಸುವ ಉಪಾಯವಾಗಿ ಇಂಥ ಸಿಹಿಗಳನ್ನು ನೆಚ್ಚಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿತು. ಅದೇ ಜುಲೈನಲ್ಲಿ ಆಸ್ಪರ್ಟೇಮ್ ಕ್ಯಾನ್ಸರಿಗೆ ಕಾರಣವಾಗಿರಬಹುದೆಂಬ ಸಂದೇಹದ ಪಟ್ಟಿಗೆ ಸೇರಿತು. ಆದರೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ತಜ್ಞರು ಹಾಗೆಯೇ ಉಳಿಸಿದರು. ಭಯಕ್ಕಿಂತ ಎಚ್ಚರಿಕೆ ಲೇಸು.

ಆ ಎಚ್ಚರಿಕೆಗೆ ಮನೆಯೊಡತಿಗೆ ಬೇಕಾದುದು ಸೀಸೆಯನ್ನು ಒಮ್ಮೆ ಹಿಂದೆ ತಿರುಗಿಸಿ ನೋಡುವಷ್ಟು ತಾಳ್ಮೆ. ಸಣ್ಣ ಅಕ್ಷರಗಳ ನಡುವೆ 950, 951, 955 ಎಂಬ ಅಂಕಿಗಳಿದ್ದರೆ ಅವು ಕ್ರಮವಾಗಿ ಅಸೆಸಲ್ಫೇಮ್, ಆಸ್ಪರ್ಟೇಮ್, ಸುಕ್ರಲೋಸ್. 960 ಎಂದಿದ್ದರೆ ಸ್ಟೀವಿಯಾ ಎಲೆಯ ಸಿಹಿ. ಮುಂಬದಿಯ ಹೆಸರು, ಬಣ್ಣ, ಚಿತ್ರ ಹಳೆಯವೇ ಇದ್ದರೂ ಹಿಂಬದಿಯ ಪಾಕ ಹೊಸದಾಗಿರಬಹುದು.

ಹೊತ್ತು ಇಳಿಯುತ್ತಿದ್ದಂತೆ ತೆಲಸಂಗದ ಬಯಲಿನಲ್ಲಿ ಗಾಳಿ ಏಳುತ್ತದೆ. ಚಪ್ಪರದಡಿ ಹಣ್ಣು ಬಾಡಿ ಬಂಗಾರದ ಬಣ್ಣಕ್ಕೆ ತಿರುಗುತ್ತಿರುತ್ತದೆ. ಅಲ್ಲಿಯ ಸಿಹಿಗೆ ಯಾವ ರಹಸ್ಯವೂ ಇಲ್ಲ: ಬಳ್ಳಿ ಯಾವುದು, ಅದ್ದಿದ ದ್ರಾವಣ ಯಾವುದು, ಒಣಗಿದ ದಿನಗಳೆಷ್ಟು ಎಂದು ಕೇಳಿದರೆ ತೋಟದವನು ನಿಂತಲ್ಲೇ ಹೇಳುತ್ತಾನೆ. ಬಸ್ ನಿಲ್ದಾಣದ ಹುಡುಗ ಖಾಲಿ ಸೀಸೆಯನ್ನು ಬಿಸುಟು ಮನೆಯತ್ತ ಓಡುತ್ತಾನೆ. ಅವನ ಜೇಬಿನಲ್ಲಿ ಒಂದು ಹಿಡಿ ಮಣೂಕ ಇದ್ದರೂ ಇರಬಹುದು.